ಒಡ್ಡು, ಕೋಡಿ ಮತ್ತು ಒಂದು ಅಡಿ ನೀರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇದನ್ನ ಕೇಳುವಾಗ ನಿಮ್ಮ ಕೈಯಲ್ಲಿ ಫೋನ್ ಇದ್ದೇ ಇರುತ್ತೆ, ಹಂಗಾಗಿ ಮೊದಲು ಒಂದು ಕೆಲಸ ಕೊಡ್ತೀನಿ. ಮ್ಯಾಪ್ ತೆಗೀರಿ. ಮುಗಳಖೋಡ ಅಂತ ಹುಡುಕಿ. ಬೆಳಗಾವಿ ಜಿಲ್ಲೆ, ರಾಯಬಾಗ ತಾಲೂಕು. ಯಲ್ಲಾಲಿಂಗ ಮಹಾರಾಜರ ಮಠದಿಂದ ಹೆಸರಾದ ನಮ್ಮ ಊರು. ಸಿಕ್ತಾ? ಈಗ ಸ್ವಲ್ಪ ದೂರ ಸರಿಸಿ ನೋಡಿ. ಮೇಲೆ ಕೃಷ್ಣಾ ನದಿ. ಕೆಳಗೆ ಘಟಪ್ರಭಾ. ಎರಡರ ನಡುವೆ ನಾವು. ಎರಡೂ ನದಿ ನಮ್ಮ ಊರನ್ನ ಮುಟ್ಟಲ್ಲ.

ಈಗ ಉಪಗ್ರಹದ ಚಿತ್ರ ಹಾಕಿ ಹತ್ತಿರ ಬನ್ನಿ. ಹೊಲಗಳ ನಡುವೆ ಗಿಡಗಂಟಿ ಬೆಳೆದ ಸೊಟ್ಟ ಗೆರೆಗಳು ಕಾಣ್ತವೆ. ಅವು ಹಳ್ಳಗಳು. ರಾಯಬಾಗ, ಅಥಣಿ, ಚಿಕ್ಕೋಡಿ ಸುತ್ತ ಹಂಗೇ ಬೆರಳು ಆಡಿಸ್ತಾ ಹೋದ್ರೆ ಅಲ್ಲಲ್ಲಿ ಸಣ್ಣ ನೀರಿನ ತುಣುಕು ಸಿಗ್ತವೆ. ಅದರ ಅಂಚು ನೋಡಿ. ಮೂರು ಕಡೆ ಅಂಕುಡೊಂಕು, ಒಂದು ಕಡೆ ಮಾತ್ರ ಸ್ಕೇಲ್ ಇಟ್ಟು ಎಳೆದಂಗೆ ನೆಟ್ಟಗೆ. ನೀರು ತಾನಾಗಿ ನಿಂತಿದ್ರೆ ಅಂಚು ಹಂಗೆ ಇರಲ್ಲ. ಆ ನೆಟ್ಟನೆ ಗೆರೆ ಮನುಷ್ಯರು ಹಾಕಿದ್ದು. ಅದೇ ಒಡ್ಡು. ಮಣ್ಣಿನ ಒಡ್ಡು. ಇವತ್ತಿನ ಸಂಚಿಕೆ ಅದರ ಬಗ್ಗೆ.

ಪ್ರವಾಹ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗೋದು ದೊಡ್ಡ ನದಿ. 2005, 2019, 2021. ಕುಡಚಿ ಸೇತುವೆ ಮುಳುಗಿದ್ದು, ಗೋಕಾಕ ಪೇಟೆಗೆ ನೀರು ನುಗ್ಗಿದ್ದು, ಅಥಣಿ ಕಡೆ ಊರಿಗೆ ಊರೇ ಖಾಲಿ ಆಗಿದ್ದು. ಅದು ಟಿವಿಗೆ ಬರೋ ಪ್ರವಾಹ. ಸಹ್ಯಾದ್ರಿಯಲ್ಲಿ ಮಳೆ ಬಿದ್ದು, ಇಲ್ಲಿ ಬರೋಕೆ ದಿನಗಟ್ಟಲೆ ತಗೊಳ್ಳುತ್ತೆ. ಅಷ್ಟರಲ್ಲಿ ಡಂಗುರ ಹೊಡೀತಾರೆ, ಬೋಟ್ ಬರುತ್ತೆ, ಗಂಜಿ ಕೇಂದ್ರ ತೆರೀತಾರೆ.

ಹಳ್ಳದ ಪ್ರವಾಹಕ್ಕೆ ಇದ್ಯಾವುದೂ ಇಲ್ಲ. ಅದು ಒಂದೆರಡು ತಾಸಿನ ಆಟ. ಉತ್ತರಿ, ಹಸ್ತ, ಚಿತ್ತಿ ಮಳೆ ಹೊತ್ತಿಗೆ ಮೋಡ ಕಟ್ಟಿ ಒಂದೇ ಕಡೆ ಸುರಿದುಬಿಡುತ್ತೆ. ಎರಿ ಹೊಲ ಮೊದಲೇ ನೆನೆದಿದ್ರೆ ಬಿದ್ದ ನೀರು ಒಳಗೆ ಇಳಿಯಲ್ಲ, ಹರೀತದೆ. ವರ್ಷಪೂರ್ತಿ ಒಣಗಿರೋ ಹಳ್ಳ ಸಂಜೆ ಐದಕ್ಕೆ ಎದೆಮಟ್ಟ, ರಾತ್ರಿ ಹತ್ತಕ್ಕೆ ಮತ್ತೆ ಮೊಣಕಾಲು. ನಡುವೆ ದಾಟೋಕೆ ಹೋದ ಬೈಕು, ಕಟ್ಟಿದ ಎಮ್ಮೆ, ಕೆಲವು ಸಲ ಮನುಷ್ಯರೂ ಇಲ್ಲ.

ಒಂದು ಲೆಕ್ಕ ಹಾಕೋಣ, ಹೆದರಬೇಡಿ, ಸಣ್ಣದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಒಂದು ಹಳ್ಳಕ್ಕೆ 10 ಚದರ ಕಿಲೋಮೀಟರ್ ಜಾಗದ ನೀರು ಬರುತ್ತೆ ಅಂತ ಇಟ್ಕೊಳ್ಳಿ. ಒಂದು ಸಂಜೆ 50 ಮಿಲಿಮೀಟರ್ ಹೊಡೀತು. ಅರ್ಧ ಇಂಗಿತು, ಅರ್ಧ ಹರೀತು. ಹರಿದದ್ದು 25 ಕೋಟಿ ಲೀಟರ್. 10 ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 25 ಸಾವಿರ ಟ್ಯಾಂಕರ್. ಇಷ್ಟು ನೀರು ಎರಡು ತಾಸಿನಲ್ಲಿ ಇಳಿದ್ರೆ ಪ್ರತಿ ಸೆಕೆಂಡಿಗೆ ಮೂರೂವರೆ ಟ್ಯಾಂಕರ್ ನಿಮ್ಮ ಮುಂದೆ ಹಾದುಹೋಗುತ್ತೆ. ಅದೇ ನೀರನ್ನ 20 ತಾಸಿಗೆ ಹಂಚಿದ್ರೆ? ಮೂರು ಸೆಕೆಂಡಿಗೆ ಒಂದು ಟ್ಯಾಂಕರ್. ನೀರು ಅಷ್ಟೇ, ಒಂದು ಹನಿ ಕಡಿಮೆ ಇಲ್ಲ. ಆದ್ರೆ ಮೊದಲನೇದು ಸೇತುವೆ ಕೊಚ್ಚಿಕೊಂಡು ಹೋಗುತ್ತೆ, ಎರಡನೇದರಲ್ಲಿ ಹುಡುಗರು ಮೀನು ಹಿಡೀತಾರೆ.

ಪ್ರವಾಹ ತಡೆಯೋ ಒಡ್ಡು ಮಾಡೋದು ಇಷ್ಟೇ. ಅದು ನೀರನ್ನ ಮಾಯ ಮಾಡಲ್ಲ. ತಡ ಮಾಡುತ್ತೆ.

ಇಲ್ಲೇ ಒಂದು ಜಗಳ ಶುರುವಾಗುತ್ತೆ. ಇವತ್ತು ನಾನು ಹೇಳೋ ಎಲ್ಲ ಕಥೆಯಲ್ಲೂ ಇದು ಬರುತ್ತೆ, ಹಾಗಾಗಿ ಗಮನ ಇಟ್ಟು ಕೇಳಿ. ಬರಗಾಲಕ್ಕೆ ಕೆರೆ ಬೇಕು ಅಂದ್ರೆ ಅದು ತುಂಬಿರಬೇಕು. ಪ್ರವಾಹಕ್ಕೆ ಕೆರೆ ಬೇಕು ಅಂದ್ರೆ ಅದು ಖಾಲಿ ಇರಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದ್ರೆ ಏನಾಗುತ್ತೆ? ನಮ್ಮ ಕಡೆ ಒಂದೇ ಒಡ್ಡಿನ ಹತ್ತಿರ ಎರಡೂ ಕೇಳ್ತೀವಿ. ಒಡ್ಡಿನ ಅಕ್ಕಪಕ್ಕ ಬಾವಿ ಇರೋ ರೈತನಿಗೆ ಅದು ಕಂಠಮಟ್ಟ ತುಂಬಬೇಕು. ಒಡ್ಡಿನ ಕೆಳಗೆ ಮನೆ ಇರೋರಿಗೆ ಅದರಲ್ಲಿ ಜಾಗ ಉಳಿದಿರಬೇಕು. ಇಬ್ಬರದೂ ತಪ್ಪಲ್ಲ. ಈ ಇಬ್ಬರ ನಡುವೆ ರಾಜಿ ಮಾಡಿಸೋ ಜಾಗವೇ ಕೋಡಿ.

ಕೋಡಿ ಗೊತ್ತಲ್ಲ? ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗೋ ದಾರಿ. ಒಡ್ಡಿನ ತಲೆಗಿಂತ ಕೆಲವು ಅಡಿ ಕೆಳಗೆ, ಒಂದು ಪಕ್ಕದಲ್ಲಿ, ಗಟ್ಟಿ ನೆಲದ ಮೇಲೆ ಅಥವಾ ಕಲ್ಲು ಕಟ್ಟಿ ಮಾಡಿರ್ತಾರೆ. ಕೆರೆ ಕೋಡಿ ಬಿತ್ತು ಅಂದ್ರೆ ಊರಿಗೆ ಹಬ್ಬ, ಬಾಗಿನ, ಸೆಲ್ಫಿ. ಆದ್ರೆ ಎಂಜಿನಿಯರ್‌ಗೆ ಅದು ಹಬ್ಬ ಅಲ್ಲ, ಪರೀಕ್ಷೆ. ಯಾಕಂದ್ರೆ ಮಣ್ಣಿನ ಒಡ್ಡಿಗೆ ಒಂದು ದೌರ್ಬಲ್ಯ ಇದೆ. ಕಾಂಕ್ರೀಟಿನ ಅಣೆಕಟ್ಟಿನ ಮೇಲೆ ನೀರು ಹರಿದ್ರೂ ಅದು ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ. ಮಣ್ಣಿನ ಒಡ್ಡು ತಡ್ಕೊಳ್ಳಲ್ಲ. ತಲೆ ಮೇಲಿಂದ ಒಂದು ಸಣ್ಣ ಧಾರೆ ಹಿಂಬದಿಗೆ ಇಳಿದ್ರೆ ಸಾಕು, ಅಲ್ಲಿ ಮಣ್ಣು ಕೊರೆಯುತ್ತೆ. ಕೊರೆದ ಕಡೆ ಇನ್ನಷ್ಟು ನೀರು, ಇನ್ನಷ್ಟು ಕೊರೆತ. ತಿಂಗಳುಗಟ್ಟಲೆ ದುಡಿದು ಹಾಕಿದ್ದು ತಾಸು ಎರಡು ತಾಸಿನಲ್ಲಿ ಹೋಗುತ್ತೆ.

ಒಡ್ಡಿನ ಹೊಟ್ಟೆಯೊಳಗೆ ಏನಿರುತ್ತೆ ಅಂತ ಸ್ವಲ್ಪ ಹೇಳ್ಬೇಕು. ಹೊರಗಿಂದ ನೋಡಿದ್ರೆ ಮಣ್ಣಿನ ಗುಡ್ಡೆ. ಒಳಗೆ ಎರಡು ಥರದ ಮಣ್ಣು. ನಡುವೆ ನೀರು ಬಿಡದ ಜಿಗುಟು ಮಣ್ಣಿನ ಗೋಡೆ. ಎರಡೂ ಪಕ್ಕ ಗರಸು, ಅಂದ್ರೆ ಮುರ್ರಂ ಹೊದಿಕೆ. ಬರೀ ಎರಿ ಮಣ್ಣು ಹಾಕಿದ್ರೆ ಆಗಲ್ವಾ? ನಮ್ಮ ಎರಿ ಹೊಲ ಬೇಸಿಗೆಯಲ್ಲಿ ನೋಡಿದವರಿಗೆ ಉತ್ತರ ಗೊತ್ತು. ಕಾಲು ಸಿಕ್ಕಿಕೊಳ್ಳೋ ಹಂಗೆ ಬಿರುಕು. ಒಡ್ಡು ಹಂಗೆ ಬಿರುಕು ಬಿಟ್ರೆ ಮೊದಲ ಮಳೆಗೇ ನೀರಿಗೆ ದಾರಿ ಸಿಕ್ಕಂಗೆ. ಬರೀ ಗರಸು ಹಾಕಿದ್ರೆ ಅದು ಜರಡಿ. ಅದಕ್ಕೇ ಒಳಗೆ ಜಿಗುಟು, ಹೊರಗೆ ಗಟ್ಟಿ. ನೀರಿನ ಕಡೆ ಅಲೆ ಹೊಡೆತಕ್ಕೆ ಕಲ್ಲು ಹೊದಿಕೆ. ಹಿಂದಿನ ಕಾಲಿನ ಹತ್ತಿರ ಕಲ್ಲಿನ ಪಟ್ಟಿ, ಜಿನುಗಿದ ನೀರು ಮಣ್ಣು ತಗೊಂಡು ಹೋಗದೆ ಸೋಸಿ ಹೊರಗೆ ಬರಲಿ ಅಂತ. ಜಿನುಗೋದು ತಪ್ಪಲ್ಲ, ಎಲ್ಲ ಮಣ್ಣಿನ ಒಡ್ಡೂ ಸ್ವಲ್ಪ ಜಿನುಗುತ್ತೆ. ಜಿನುಗೋ ನೀರು ತಿಳಿಯಾಗಿದ್ರೆ ನಿದ್ದೆ ಮಾಡಬಹುದು. ರಾಡಿಯಾಗಿದ್ರೆ ಒಡ್ಡು ಒಳಗಿಂದ ಕರಗ್ತಾ ಇದೆ ಅಂತ ಅರ್ಥ.

ಈ ವಿದ್ಯೆ ಕಾಲೇಜಿಂದ ಬಂದದ್ದಲ್ಲ. ಕೈಯಿಂದ ಕೈಗೆ ಬಂದದ್ದು. ಹೆಚ್ಚಾಗಿ ವಡ್ಡರ ಕೈಯಿಂದ. ಮಣ್ಣ ವಡ್ಡರು, ಕಲ್ಲ ವಡ್ಡರು, ಬಂಡಿ ವಡ್ಡರು ಅಂತ ಕೆಲಸಕ್ಕೊಂದು ಹೆಸರು. ಕೆರೆ ಕಟ್ಟಿಸಿದ ರಾಜರ ಹೆಸರು ಶಾಸನದಲ್ಲಿ ಇರುತ್ತೆ, ಮಣ್ಣು ಹೊತ್ತವರ ಹೆಸರು ಇರಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದ ನಮ್ಮ ನೆರೆಯಲ್ಲೇ ಇದೆ. ಸೊಲ್ಲಾಪುರ. ಈಗ ಮಹಾರಾಷ್ಟ್ರದಲ್ಲಿದೆ, ಆದ್ರೆ 12ನೇ ಶತಮಾನದಲ್ಲಿ ಅದು ಸೊನ್ನಲಿಗೆ, ಶರಣ ಸಿದ್ಧರಾಮನ ಊರು. ಅಲ್ಲಿನ ಸಿದ್ಧೇಶ್ವರ ಗುಡಿ ಕೆರೆಯ ನಡುವೆ ನಿಂತಿದೆ. ಆ ಕೆರೆ ಸಿದ್ಧರಾಮ ಜನ ಕೂಡಿಸಿ ತೋಡಿಸಿದ್ದು. ವಚನ ಬರೆದವರು ನೂರಾರು ಜನ, ಆದ್ರೆ ಕೆರೆ ಕಟ್ಟೋದೇ ಪೂಜೆ ಅಂತ ತಿಳಿದು ಅದರಿಂದಲೇ ಹೆಸರಾದವನು ಅವನು. ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗ ಬರುತ್ತೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆ ಕೆಲಸ ಮಾಡ್ತಿದ್ದವರ ಹತ್ತಿರ ನಿಮ್ಮ ವಡ್ಡ ಎಲ್ಲಿ ಅಂತ ಕೇಳ್ತಾನೆ. ಜನಕ್ಕೆ ಸಿಟ್ಟು ಬಂದು ಕಲ್ಲು ಎಸೀತಾರೆ. ಕೊನೆಗೆ ಸಿದ್ಧರಾಮನೇ ಬರ್ತಾನೆ, ಮಾತು ಬೆಳೆಯುತ್ತೆ, ಇಬ್ಬರೂ ಕಲ್ಯಾಣದ ದಾರಿ ಹಿಡೀತಾರೆ. ಅಲ್ಲಮ ಕೆಣಕಿದ್ದು ನಾನು ಕಟ್ಟಿದೆ ಅನ್ನೋ ಭಾವವನ್ನ, ಅದು ಎಲ್ಲರೂ ಹೇಳೋ ಅರ್ಥ. ನನಗೆ ಮಾತ್ರ ಬೇರೆ ಒಂದು ಚುಚ್ಚುತ್ತೆ: ಒಂಬೈನೂರು ವರ್ಷದ ಹಿಂದೆಯೂ ಮಣ್ಣು ಹೊರೋರ ಹೆಸರು ಹಿಡಿದು ಕರೆದ್ರೆ ಅದು ಬೈಗುಳದ ಹಂಗೆ ಕೇಳಿಸ್ತಿತ್ತು. ಇವತ್ತು ಅದೇ ಭೋವಿ, ವಡ್ಡರ ಸಮುದಾಯ ಸಿದ್ಧರಾಮನನ್ನ ತಮ್ಮ ಗುರು ಅಂತ ಪೂಜಿಸುತ್ತೆ. ಇದೂ ಒಂದು ಉತ್ತರವೇ.

ಸರಿ, ಸೊನ್ನಲಿಗೆಯಿಂದ ಎರಡು ಶತಮಾನ ಮುಂದೆ, ತೆಂಕಣ ದಿಕ್ಕಿಗೆ. ಆಂಧ್ರದ ಕಡಪ ಜಿಲ್ಲೆಯಲ್ಲಿ ಪೋರುಮಾಮಿಳ್ಳ ಅಂತ ಊರು. 1369ರಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಭವದೂರ ಅಂತಾನೂ ಅವನಿಗೆ ಹೆಸರು, ಅಲ್ಲಿ ಒಂದು ಕೆರೆ ಕಟ್ಟಿಸಿ ಕಲ್ಲಿನ ಶಾಸನ ಹಾಕಿಸಿದ. ಎರಡು ವರ್ಷ, ದಿನಕ್ಕೆ ಸಾವಿರ ಆಳು, ನೂರು ಬಂಡಿ. ಆ ಕೆರೆ ಇವತ್ತಿಗೂ ಇದೆ. ಶಾಸನದಲ್ಲಿ ಹೊಗಳಿಕೆ ಮಾತ್ರ ಇಲ್ಲ, ಒಳ್ಳೆ ಕೆರೆಗೆ ಬೇಕಾದ 12 ಅಂಗ, ಕೆಟ್ಟ ಕೆರೆಯ ಆರು ದೋಷ ಅಂತ ಪಟ್ಟಿ ಇದೆ. ಒಂಥರ ಕಲ್ಲಿನ ಮೇಲೆ ಕೊರೆದ ಚೆಕ್‌ಲಿಸ್ಟ್.

ಬೇಕಾದ್ದು ಏನೇನು? ಗಟ್ಟಿ ಜೇಡಿ ನೆಲ, ಸಿಹಿನೀರಿನ ಹೊಳೆ, ಒಡ್ಡಿಗೆ ಭುಜ ಕೊಡೋ ಗುಡ್ಡ, ತೀರ ಉದ್ದ ಇಲ್ಲದ ಗಟ್ಟಿ ಒಡ್ಡು, ಹತ್ತಿರದಲ್ಲೇ ಉದ್ದ ಕಲ್ಲು ಸಿಗೋ ಗಣಿ, ಕೆಲಸ ಬಲ್ಲ ಜನ, ನೀರಿನ ಶಾಸ್ತ್ರ ಓದಿದವನು. ಗುಡ್ಡದ ಭುಜದ ವಿಷಯ ಎಷ್ಟು ಮುಖ್ಯ ಅಂದ್ರೆ ದಾವಣಗೆರೆ ಜಿಲ್ಲೆಯ ಸೂಳೆಕೆರೆ ನೋಡಿ. ಶಾಂತವ್ವ ಅನ್ನೋ ರಾಜಕುಮಾರಿ ಕಟ್ಟಿಸಿದ್ದು ಅಂತ ಐತಿಹ್ಯ, ವಯಸ್ಸು ಹತ್ತಿರ ಹತ್ತಿರ 900. ಮೈಲಿಗಟ್ಟಲೆ ಹರಡಿದ ನೀರು, ಹಿಡಿದಿರೋದು ಎರಡು ಗುಡ್ಡದ ಸಂದಿಯಲ್ಲಿ ಹಾಕಿದ ಗಿಡ್ಡ, ದಪ್ಪ ಒಡ್ಡು.

ಈಗ ದೋಷಗಳು. ಮೊದಲನೇದು ಒಡ್ಡಿನಿಂದ ನೀರು ಸೋರೋದು. ಆಮೇಲೆ ಸವಳು ನೆಲ. ಕೆರೆ ನಡುವೆ ದಿಬ್ಬ. ನೀರು ಕಡಿಮೆ ಇದ್ದು ಹೊಲ ಜಾಸ್ತಿ ಇರೋದು. ಇವೆಲ್ಲ ಅರ್ಥ ಆಗ್ತವೆ. ಒಂದು ದೋಷ ಮಾತ್ರ ಓದಿದಾಗ ನಾನು ಬೆಳಗಾವಿಯವರ ಥರ ನಕ್ಕುಬಿಟ್ಟೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು. 1369ರಲ್ಲಿ ಬರೆದದ್ದು ಇದು! ಮಹಾರಾಷ್ಟ್ರದ ಕೊಯ್ನಾದಿಂದ ಎಷ್ಟು ಕ್ಯುಸೆಕ್ ಬಿಟ್ರು ಅಂತ ಪ್ರತಿ ಆಗಸ್ಟ್‌ನಲ್ಲಿ ಫೋನ್ ಹಿಡಿದು ಕೂರೋ ನಮಗೆ ಯಾರೂ ಇದನ್ನ ವಿವರಿಸಿ ಹೇಳಬೇಕಿಲ್ಲ.

ಆ ದೋಷ ಏನು ಮಾಡಬಹುದು ಅನ್ನೋದು 1903ರಲ್ಲಿ ಕಂಡಿತು. ಪಾಲಾರ್ ನದಿ ಹುಟ್ಟೋದು ನಮ್ಮ ಕೋಲಾರದ ಕಡೆ, ಹೋಗೋದು ತಮಿಳುನಾಡಿಗೆ. ಮೈಸೂರು ಸಂಸ್ಥಾನದಲ್ಲಿ ಆ ನದಿಯ ಮೇಲೆ ಸಾಲಾಗಿ ಕೆರೆ ಇದ್ವು. ಬೇತಮಂಗಲದ್ದು ಅದರಲ್ಲಿ ದೊಡ್ಡದು. ಆ ನವೆಂಬರ್‌ನ ಮಳೆಗೆ ಮೇಲಿನ ಕೆರೆಗಳು ಒಡೆದವು. ನೀರು ನುಗ್ಗಿದ್ದು ಗಡಿ ಆಚೆಗೆ, ಮದ್ರಾಸ್ ಪ್ರಾಂತ್ಯದ ವಾಣಿಯಂಬಾಡಿಗೆ. ಕಟ್ಟಿದವರು ಒಂದು ಕಡೆ, ಮುಳುಗಿದವರು ಇನ್ನೊಂದು ಕಡೆ.

ಸಾಲು ಕೆರೆಯ ಅಪಾಯ ಅದೇ. ಮೇಲಿನದು ಒಡೆದ್ರೆ ಅದರ ನೀರೆಲ್ಲ ಒಟ್ಟಿಗೆ ಕೆಳಗಿನದಕ್ಕೆ. ಕೆಳಗಿನ ಕೋಡಿಯನ್ನ ಮಳೆ ಲೆಕ್ಕಕ್ಕೆ ಕಟ್ಟಿರ್ತಾರೆ, ಇನ್ನೊಂದು ಕೆರೆಯ ಲೆಕ್ಕಕ್ಕೆ ಅಲ್ಲ. ಅದೂ ಒಡೆಯುತ್ತೆ. ಮೂರನೇದಕ್ಕೆ ಎರಡು ಕೆರೆ ನೀರು.

ಇದನ್ನ ಎಣಿಸಿ ತೋರಿಸಿದವರು ಒಬ್ಬ ಕನ್ನಡಿಗ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸುಮಾರು 15 ಸಾವಿರ ಜನ ಸತ್ತರು ಅಂತ ಅಂದಾಜು. ಮರುವರ್ಷ ನಿಜಾಮ್ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನ ಕರೆಸಿತು. ಅವರು ಆಗಷ್ಟೇ ಮುಂಬೈ ಸರ್ಕಾರದ ನೌಕರಿ ಬಿಟ್ಟಿದ್ದರು. ಊರೊಳಗೆ ಎಷ್ಟು ನೀರು ಬಂತು ಅಂತ ನೋಡಿ ಸುಮ್ಮನಾಗಲಿಲ್ಲ, ನೀರು ಬಂದ ದಾರಿ ಹಿಡಿದು ಮೇಲೆ ಹೋದ್ರು. ನದಿಗೆ ನೀರು ಬರೋ ಪ್ರದೇಶದಲ್ಲಿ 788 ಕೆರೆ ಇದ್ವು. ಅದರಲ್ಲಿ 221 ಒಡೆದಿದ್ವು. ಅಂದ್ರೆ ಊರು ಮುಳುಗಿಸಿದ್ದು ಮಳೆ ಒಂದೇ ಅಲ್ಲ, ಮಳೆ ಜೊತೆಗೆ ಇನ್ನೂರಕ್ಕೂ ಹೆಚ್ಚು ಕೆರೆಯ ನೀರು. ಒಂದೊಂದೂ ಸಣ್ಣದೇ, ಒಂದೊಂದು ಊರಿನ ಹೆಮ್ಮೆಯದೇ.

ಅವರ ಸಲಹೆ: ಊರಿನ ಮೇಲ್ಗಡೆ ಎರಡು ದೊಡ್ಡ ಜಲಾಶಯ ಕಟ್ಟಿ, ಪ್ರವಾಹದ ನೀರನ್ನ ಅಲ್ಲಿ ತಡೆದು, ನದಿ ತಾಳೋವಷ್ಟು ಮಾತ್ರ ನಿಧಾನಕ್ಕೆ ಬಿಡಿ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಆಮೇಲೆ ಅದೇ ಹಳೇ ಜಗಳ ಅಲ್ಲೂ ಬಂತು. ಪ್ರವಾಹ ತಡೆಯೋಕೆ ಅಂತ ಕಟ್ಟಿದ ಜಲಾಶಯಗಳು ಊರಿಗೆ ಕುಡಿಯೋ ನೀರನ್ನೂ ಕೊಡಬೇಕಾಯ್ತು. ಖಾಲಿ ಇರಬೇಕಾ, ತುಂಬಿರಬೇಕಾ?

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ಒಂದು ಊರು ಇದಕ್ಕೆ ಬಹಳ ಸರಳ ಉತ್ತರ ಕಂಡುಕೊಳ್ತು. ಅದಕ್ಕಿಂತ ಮೊದಲು ಅದೇ ದೇಶದ ಒಂದು ಕೆಟ್ಟ ಕಥೆ ಹೇಳ್ಲೇಬೇಕು, ಕೋಡಿ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾವುದೂ ಹೇಳಲ್ಲ. ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಊರಿನ ಮೇಲೆ, ಸೌತ್ ಫೋರ್ಕ್ ಅನ್ನೋ ಕಡೆ ಒಂದು ಮಣ್ಣಿನ ಅಣೆಕಟ್ಟು ಇತ್ತು. ಶ್ರೀಮಂತರ ಒಂದು ಕ್ಲಬ್ ಅದನ್ನ ಕೊಂಡ್ಕೊಂಡಿತು. ಆಂಡ್ರ್ಯೂ ಕಾರ್ನೆಗಿಯಂಥವರು ಅದರ ಸದಸ್ಯರು. ಅವರಿಗೆ ಬೇಕಾಗಿದ್ದು ಬೇಸಿಗೆ ಕಳೆಯೋಕೆ ಒಂದು ಸರೋವರ. ಒಡ್ಡಿನ ಮೇಲೆ ಸಾರೋಟು ಓಡಾಡಲಿ ಅಂತ ಅದರ ತಲೆ ತಗ್ಗಿಸಿ ಅಗಲ ಮಾಡಿದ್ರು. ಅಡಿಯಲ್ಲಿ ನೀರು ಬಿಡೋ ಕಬ್ಬಿಣದ ಕೊಳವೆಗಳನ್ನ ಹಿಂದಿನ ಮಾಲೀಕ ಗುಜರಿಗೆ ಮಾರಿದ್ದ, ಇವರು ಮತ್ತೆ ಹಾಕಿಸಲಿಲ್ಲ. ಸಾಕಿದ ಮೀನು ತಪ್ಪಿಸಿಕೊಂಡು ಹೋಗಬಾರದು ಅಂತ ಕೋಡಿಗೆ ಜಾಲರಿ ಹಾಕಿದ್ರು. 1889ರ ಮೇ 31ರಂದು ಜೋರು ಮಳೆ. ಜಾಲರಿಗೆ ಕಸಕಡ್ಡಿ ಸಿಕ್ಕಿಕೊಳ್ತು, ನೀರು ಒಡ್ಡಿನ ತಲೆ ಮೇಲೆ ಹತ್ತಿತು. ಕೆಳಗಿನ ಊರಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು.

ಮೀನಿಗೋಸ್ಕರ. ನಗಬೇಡಿ. ನಮ್ಮ ಕಡೆ ಕೋಡಿಗೆ ಬಲೆ ಕಟ್ಟೋದು, ಇನ್ನೊಂದಡಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳಿನ ಚೀಲ ಪೇರಿಸೋದು ನೋಡಿಲ್ವಾ? ಆ ಒಂದಡಿ ನೀರು ಸುಮ್ಮನೆ ಬಂದದ್ದಲ್ಲ. ಒಡ್ಡಿನ ತಲೆಗೂ ನೀರಿಗೂ ನಡುವೆ ಬಿಟ್ಟಿದ್ದ ಅಂತರದಿಂದ ಕದ್ದದ್ದು. ಆ ಅಂತರ ಇರೋದೇ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬರೋ ಮಳೆಗೆ. ಹತ್ತೊಂಬತ್ತು ವರ್ಷ ಚೀಲ ಇಟ್ಟವನು ಬುದ್ಧಿವಂತ ಅನ್ನಿಸಿಕೊಳ್ತಾನೆ. ಕಷ್ಟ ಅದೇ.

ಈಗ ಆ ಸರಳ ಉತ್ತರ. ಒಹಾಯೊ ರಾಜ್ಯದ ಡೇಟನ್ ಊರು 1913ರ ಮಾರ್ಚ್‌ನಲ್ಲಿ ಮುಳುಗಿತು. ಆ ಕಣಿವೆಯ ಜನ ಸೇರಿ ಎಂಜಿನಿಯರ್ ಆರ್ಥರ್ ಮಾರ್ಗನ್ ಅವರ ಯೋಜನೆಯಂತೆ ಐದು ಮಣ್ಣಿನ ಅಣೆಕಟ್ಟು ಕಟ್ಟಿದ್ರು, 1922ಕ್ಕೆ ಮುಗಿದವು. ವಿಶೇಷ ಏನು ಗೊತ್ತಾ? ಆ ಅಣೆಕಟ್ಟುಗಳ ಹಿಂದೆ ನೀರಿಲ್ಲ. ವರ್ಷವಿಡೀ ಬರಿದು. ಬುಡದಲ್ಲಿ ಲೆಕ್ಕ ಹಾಕಿ ಇಟ್ಟ ಕಾಂಕ್ರೀಟಿನ ಕಿಂಡಿ. ಅದಕ್ಕೆ ಗೇಟ್ ಇಲ್ಲ, ತಿರುಗಿಸೋ ಚಕ್ರ ಇಲ್ಲ, ಕೀಲಿ ಇಟ್ಕೊಂಡು ಮಲಗೋ ಮನುಷ್ಯ ಇಲ್ಲ. ಸಾಮಾನ್ಯ ಹೊಳೆ ಆರಾಮಾಗಿ ಹಾದುಹೋಗುತ್ತೆ. ಪ್ರವಾಹ ಬಂದ್ರೆ ಕಿಂಡಿ ಹಿಡಿಸೋವಷ್ಟೇ ಹೊರಗೆ, ಉಳಿದದ್ದು ಹಿಂದೆ ನಿಂತು ಆಮೇಲೆ ಇಳಿಯುತ್ತೆ. ನಾನು ಆಗ ಹೇಳಿದ ಟ್ಯಾಂಕರ್ ಲೆಕ್ಕ, ಅದನ್ನ ಅವರು ಕಟ್ಟಿ ತೋರಿಸಿದ್ರು. ತುಂಬಿರಬೇಕಾ ಖಾಲಿ ಇರಬೇಕಾ ಅನ್ನೋ ಜಗಳದಲ್ಲಿ ಒಂದು ಪಕ್ಷವನ್ನ ಪೂರ್ತಿ ಬಿಟ್ಟುಕೊಟ್ಟರು.

ಆಮೇಲೆ ಅದೇ ದೇಶ 1944 ಮತ್ತು 1954ರ ಕಾನೂನುಗಳ ಅಡಿಯಲ್ಲಿ ಹಳ್ಳಿ ಕಡೆಯ ತೊರೆ ಹಳ್ಳಗಳ ಮೇಲೆ ಸುಮಾರು 12,000 ಸಣ್ಣ ಅಣೆಕಟ್ಟು ಕಟ್ಟಿತು, ಬಹುತೇಕ ಮಣ್ಣಿನವು. ಹೆಚ್ಚಿನವಕ್ಕೆ ಇಟ್ಟುಕೊಂಡ ಆಯಸ್ಸು 50 ವರ್ಷ. ಅದು ಮುಗೀತು, ಅಥವಾ ಮುಗೀತಾ ಇದೆ. ಕಟ್ಟುವಾಗ ಕೆಳಗೆ ಹೊಲ ಇತ್ತು. ಸಣ್ಣ ಲೆಕ್ಕದ ಕೋಡಿ ಸಾಕು, ಒಡೆದ್ರೂ ಬೆಳೆ ಹೋಗುತ್ತೆ ಅಷ್ಟೇ ಅಂದ್ಕೊಂಡಿದ್ರು. ಈಗ ಅಲ್ಲಿ ಮನೆ, ಶಾಲೆ ಬಂದಿವೆ. ಒಡ್ಡು ಇದ್ದ ಹಾಗೇ ಇದೆ, ಅದರ ಅಪಾಯ ಮಾತ್ರ ದೊಡ್ಡದಾಗಿದೆ.

ಈ ಕೊನೇ ಮಾತು ನಮಗೆ ಪೂರ್ತಿ ಅನ್ವಯ. ಹಳೇ ಮೈಸೂರಿನ ಕಡೆ ಇರೋವಷ್ಟು ಕೆರೆ ನಮ್ಮ ಎರಿ ಸೀಮೆಯಲ್ಲಿ ಮೊದಲಿಂದಲೂ ಇಲ್ಲ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆ ಇವೆ ಅಂತಾರಲ್ಲ, ಅದರಲ್ಲಿ ದೊಡ್ಡ ಪಾಲು ದಕ್ಷಿಣದ್ದು. ಅಲ್ಲಿ ಒಡ್ಡು ನೋಡ್ಕೊಳ್ಳೋಕೆ ಒಂದು ಏರ್ಪಾಡೂ ಇತ್ತು. ನೀರು ಬಿಡೋಕೆ ನೀರಗಂಟಿ. ಹೂಳು ತೆಗೆದು ಒಡ್ಡಿಗೆ ಹಾಕೋಕೆ ಕೆರೆಬಂಡಿ, ಅದರ ಖರ್ಚಿಗೆ ಜಮೀನು ಬಿಟ್ಟುಕೊಡೋ ಪದ್ಧತಿ. ಶಾಸನಗಳಲ್ಲಿ ಬಿತ್ತುವಟ್ಟ ಅಂತ ಬರುತ್ತೆ, ಅದು ಇದೇ. ಕೆರೆ ಕಟ್ಟಿದವನ ಹೆಸರಿಗಿಂತ ನನಗೆ ಈ ಬಿತ್ತುವಟ್ಟ ದೊಡ್ಡದು ಅನ್ನಿಸುತ್ತೆ. ಕಟ್ಟೋಕೆ ಒಂದು ಸಲ ದುಡ್ಡು ಸಿಗುತ್ತೆ. ಪ್ರತಿ ವರ್ಷ ಬಿಲ ಮುಚ್ಚೋಕೆ, ಜಾಲಿ ಕಡಿಯೋಕೆ ಯಾರು ಕೊಡ್ತಾರೆ?

ನಮ್ಮ ಭಾಗದಲ್ಲಿ ಹಳ್ಳಕ್ಕೆ ಹಾಕಿದ ಒಡ್ಡು, ಇಂಗು ಕೆರೆ, ಬಾಂದಾರಗಳಲ್ಲಿ ಬಹಳಷ್ಟು ಈಚಿನವು, ಬರಗಾಲ ಕಂಡು ಹಾಕಿದವು. ಪಕ್ಕದ ಮಹಾರಾಷ್ಟ್ರದಲ್ಲಂತೂ 1972ರ ಬರಗಾಲದ ನಂತರ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಇಂಗು ಕೆರೆ ಕಟ್ಟೋದು ದೊಡ್ಡ ಕೆಲಸ ಆಯ್ತು. ಕೂಲಿ ಕೊಡಬೇಕು, ಮಣ್ಣು ಎತ್ತಿ ಹಾಕಬೇಕು, ನೀರು ಇಂಗಬೇಕು. ಪ್ರವಾಹ ಅನ್ನೋದು ಅವತ್ತು ಯಾರ ಕಣ್ಣ ಮುಂದೆಯೂ ಇರಲಿಲ್ಲ, ಬರಗಾಲದಲ್ಲಿ ಯಾರಿಗೆ ತಾನೇ ಇರುತ್ತೆ? ಅವು ಹಳ್ಳದ ನೀರನ್ನ ತಡೆದದ್ದು ನಿಜ, ಬಾವಿಗಳಿಗೆ ನೀರು ಬಂದದ್ದೂ ನಿಜ. ಆದ್ರೆ ತುಂಬಲಿ ಅಂತಲೇ ಕಟ್ಟಿದ ಒಡ್ಡಿನ ಮೇಲೆ ಈಗ ಮುಳುಗದಂತೆ ಕಾಪಾಡು ಅನ್ನೋ ಹೊರೆ ಹೊರಿಸ್ತಾ ಇದ್ದೀವಿ.

2019 ಬಂತು. ಜುಲೈ 2ರ ರಾತ್ರಿ ಘಟ್ಟದ ಆ ಕಡೆ, ರತ್ನಾಗಿರಿ ಜಿಲ್ಲೆಯ ತಿವರೆ ಅನ್ನೋ ಹಳ್ಳಿಯಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಒಡೆಯಿತು. ಕಟ್ಟಿ ಇಪ್ಪತ್ತು ವರ್ಷ ಆಗಿತ್ತು ಅಷ್ಟೇ. ಕೆಳಗಿನ ವಾಡಿಯ ಮನೆಗಳು ಕೊಚ್ಚಿಹೋದವು, ಇಪ್ಪತ್ತರ ಆಸುಪಾಸು ಜನ ಹೋದ್ರು. ಸೋರ್ತಾ ಇದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಆಗ ಮಹಾರಾಷ್ಟ್ರದ ಜಲಸಂರಕ್ಷಣಾ ಮಂತ್ರಿ ತಾನಾಜಿ ಸಾವಂತ್ ಹೇಳಿದ್ದು ನಿಮಗೂ ನೆನಪಿರಬಹುದು, ಮೀಮ್ ಆಗಿ ಓಡಾಡಿತ್ತು: ಏಡಿಗಳು ತೂತು ಕೊರೆದದ್ದರಿಂದ ಒಡೆಯಿತು ಅಂತ. ವಿರೋಧ ಪಕ್ಷದವರು ಏಡಿ ಹಿಡ್ಕೊಂಡು ಪೊಲೀಸ್ ಠಾಣೆಗೆ ಹೋಗಿ ಇವನ್ನ ಬಂಧಿಸಿ ಅಂದ್ರು.

ಏಡಿ, ಇಲಿ, ಹೆಗ್ಗಣದ ಬಿಲದಿಂದ ಮಣ್ಣಿನ ಒಡ್ಡಿಗೆ ಅಪಾಯ ಇರೋದು ಸುಳ್ಳಲ್ಲ. ಹಳೇ ನೀರಗಂಟಿಗೂ ಗೊತ್ತಿತ್ತು. ಅದಕ್ಕೇ ಅವನು ಒಡ್ಡಿನ ಮೇಲೆ ದಿನಾ ನಡೀತಿದ್ದ. ಬಿಲ ಒಂದು ರಾತ್ರಿಯಲ್ಲಿ ಒಡ್ಡು ಒಡೆಯೋವಷ್ಟು ಆಗಲ್ಲ. ನೋಡೋರು ಇಲ್ಲದೆ ಅಷ್ಟು ಆಗುತ್ತೆ.

ಅದೇ ವರ್ಷ ಆಗಸ್ಟ್‌ನಲ್ಲಿ, ನಾವೆಲ್ಲ ಕೃಷ್ಣಾ, ಘಟಪ್ರಭಾ ನೋಡ್ತಾ ಕೂತಿದ್ದಾಗ, ಉತ್ತರ ಕನ್ನಡದ ಮುಂಡಗೋಡ ತಾಲೂಕಿನ ಚಿಗಳ್ಳಿ ಜಲಾಶಯದ ಮಣ್ಣಿನ ಒಡ್ಡು ಒಡೆದು ಕೆಳಗಿನ ಗದ್ದೆಗಳಿಗೆ ನೀರು ನುಗ್ಗಿತು. ದೊಡ್ಡ ನದಿಗಳ ಸುದ್ದಿಯ ನಡುವೆ ಅದು ಒಂದು ಸಣ್ಣ ಕಾಲಂ.

ಈಗ ಕಾನೂನಿನ ವಿಷಯ, ಬೇಗ ಮುಗಿಸ್ತೀನಿ. 2021ರಲ್ಲಿ ಸಂಸತ್ತು ಅಣೆಕಟ್ಟು ಸುರಕ್ಷತಾ ಕಾಯ್ದೆ ಮಾಡಿತು. ಮಳೆಗಾಲಕ್ಕೆ ಮೊದಲು ಮತ್ತು ನಂತರ ತಪಾಸಣೆ, ತುರ್ತು ಯೋಜನೆ, ಎಲ್ಲ ಅದರಲ್ಲಿದೆ. ಆದ್ರೆ ಅದು ಅನ್ವಯ ಆಗೋದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟಿಗೆ. 10ರಿಂದ 15 ಮೀಟರ್ ನಡುವೆ ಇದ್ರೆ ಕೆಲವು ಷರತ್ತು ಇವೆ: 500 ಮೀಟರ್ ಉದ್ದ ಇರಬೇಕು, ಅಥವಾ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಹೀಗೆ. 10 ಮೀಟರ್‌ಗಿಂತ ಗಿಡ್ಡ ಇದ್ರೆ? ಆ ಕಾಯ್ದೆಗೆ ಅದು ಅಣೆಕಟ್ಟೇ ಅಲ್ಲ. ಹಿಡಕಲ್ ಜಲಾಶಯ, 51 ಟಿಎಂಸಿ, ಅದನ್ನ ನೋಡೋಕೆ ಎಂಜಿನಿಯರ್‌ಗಳ ತಂಡ ಇದೆ, ಇರಲೇಬೇಕು. ನಿಮ್ಮ ಊರಿನ ಮೇಲಿನ ಹಳ್ಳದ ಒಡ್ಡು ಎಂಟು ಮೀಟರ್. ಅದನ್ನ ನೋಡೋರು ಯಾರು? ಕೆರೆಯಿಂದ ನೀರು ಹಾಯೋ ಹೊಲ 40 ಹೆಕ್ಟೇರ್‌ಗಿಂತ ಕಡಿಮೆ ಇದ್ರೆ ಅದು ಪಂಚಾಯತಿ ವ್ಯವಸ್ಥೆಗೆ ಸೇರಿದ್ದು, ಅದಕ್ಕಿಂತ ಜಾಸ್ತಿ ಇದ್ರೆ ಸಣ್ಣ ನೀರಾವರಿ ಇಲಾಖೆಗೆ. ಕೆಲವು ಒಡ್ಡುಗಳು ಬೇರೆ ಬೇರೆ ಯೋಜನೆಯಲ್ಲಿ ಕಟ್ಟಿದವು, ಬೋರ್ಡ್‌ನಲ್ಲಿ ಅಂದಾಜು ಮೊತ್ತ ಇರುತ್ತೆ, ಈಗ ಯಾರ ಜವಾಬ್ದಾರಿ ಅಂತ ಇರಲ್ಲ.

ಹಾಗಾಗಿ ಕೇಳೋ ಹುಡುಗರಿಗೆ, ಹುಡುಗಿಯರಿಗೆ ನನ್ನದೊಂದು ಕೋರಿಕೆ. ಮೇ ತಿಂಗಳಲ್ಲಿ, ಒಡ್ಡು ಒಣಗಿರೋವಾಗ, ಒಂದು ಸಂಜೆ ಅದರ ಮೇಲೆ ನಡೀರಿ. ತಲೆ ಎಲ್ಲಾದ್ರೂ ಕುಸಿದು ತಗ್ಗಾಗಿದೆಯಾ ನೋಡಿ. ಟ್ರ್ಯಾಕ್ಟರ್ ಓಡಾಡಿ ಸವೆಸಿದ ಜಾಗ ಇದ್ದೇ ಇರುತ್ತೆ. ತುಂಬಿದ ದಿನ ನೀರು ಮೊದಲು ಹತ್ತೋದು ಅಲ್ಲಿಂದಲೇ. ಹಿಂಬದಿಯಲ್ಲಿ ದೊಡ್ಡ ಜಾಲಿ ಮರ ಬೆಳೆದಿದ್ರೆ ಫೋಟೋ ತೆಗೀರಿ. ಮರ ಒಡ್ಡಿಗೆ ಬಲ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಬೇರು ಸತ್ತ ಮೇಲೆ ಅದೇ ಬೇರು ನೀರಿಗೆ ಕೊಳವೆ. ಕೋಡಿಗೆ ಹೋಗಿ, ಅದರ ಮುಂದೆ ಯಾರಾದ್ರೂ ಉಳುಮೆ ಮಾಡಿ ದಾರಿ ಮುಚ್ಚಿದ್ದಾರಾ, ಮನೆ ಕಟ್ಟಿದ್ದಾರಾ ನೋಡಿ. ಆ ಫೋಟೋಗಳನ್ನ ಪಂಚಾಯತಿಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ರೆ ಸಾಲದು.

ಮಳೆಗಾಲದಲ್ಲಿ, ಕೋಡಿ ಬಿದ್ದ ಮೇಲೆ, ಸೆಲ್ಫಿಗೆ ಅಂತ ಕೋಡಿ ಮೇಲೆ ನಿಲ್ಲಬೇಡಿ. ಪಾಚಿ ಜಾರುತ್ತೆ. ಒಡ್ಡಿನ ಹಿಂದೆ, ಬುಡದಲ್ಲಿ ಬರೋ ನೀರನ್ನ ಸುರಕ್ಷಿತ ದೂರದಿಂದ ನೋಡಿ. ತಿಳಿ ಇದ್ರೆ ಮನೆಗೆ ಹೋಗಿ. ರಾಡಿ ಇದ್ರೆ ಮೊದಲು ಕೆಳಗಿನ ಮನೆಯವರಿಗೆ ಫೋನ್ ಮಾಡಿ, ಆಮೇಲೆ ತಹಶೀಲ್ದಾರರ ಕಚೇರಿಗೆ.

ಮುಂದಿನ ಸಂಚಿಕೆಯಲ್ಲಿ ಧೂಪದಾಳಕ್ಕೆ ಹೋಗೋಣ. ಘಟಪ್ರಭಾಗೆ ಅಡ್ಡಗಟ್ಟೆ ಹಾಕಿ, ಕಾಲುವೆ ತೋಡಿ, ನಮ್ಮ ಜೋಳದ ಹೊಲಗಳು ಕಬ್ಬಿನ ಗದ್ದೆ ಆದ ಕಥೆ. ಅಲ್ಲಿವರೆಗೆ, ನಮಸ್ಕಾರ.